ಕ್ಯಾಮೆರಾ ಹಿಡಿದವರೇ ಮೈಕೂ ಹಿಡಿದಾಗ: ಕೊಡಗಿನ ಟಿವಿ ಸುದ್ದಿಯಲ್ಲಿ ಇಲ್ಲವಾಗುತ್ತಿರುವ ಎರಡನೆಯ ವ್ಯಕ್ತಿ

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಿಂದ ಯಾರಿಗೆಲ್ಲ ಪ್ರಯೋಜನ ಎಂದು ಕೇಂದ್ರ ಸರ್ಕಾರ ಪಟ್ಟಿ ಮಾಡಿದಾಗ, ಅದರಲ್ಲಿ ವಿದ್ಯುನ್ಮಾನ ಮಾಧ್ಯಮದ ಪತ್ರಕರ್ತರೂ ಸೇರಿದ್ದರು. ಆ ನಾಲ್ಕರಲ್ಲಿ ಒಂದಾದ, ಕೆಲಸದ ಸುರಕ್ಷತೆ ಮತ್ತು ಪರಿಸ್ಥಿತಿಗಳ ಸಂಹಿತೆಯಲ್ಲಿ ‘ಕಾರ್ಯನಿರತ ಪತ್ರಕರ್ತ’ ಎಂಬುದಕ್ಕೆ ಕೊಟ್ಟಿರುವ ಅರ್ಥದೊಳಗೆ ‘ಸುದ್ದಿ ಛಾಯಾಗ್ರಾಹಕ’ ಎಂಬ ಹುದ್ದೆಯ ಹೆಸರೂ ಇದೆ. ಅಲ್ಲಿಗೆ ವಿಷಯ ಸರಳವಾಗಿದೆ ಎನಿಸಬಹುದು. ಆದರೆ ಕೊಡಗಿನಂಥ ಜಿಲ್ಲೆಯಿಂದ ಟಿವಿ ವಾಹಿನಿಗಳಿಗೆ ದೃಶ್ಯ ಕಳಿಸುವವರನ್ನು ನೋಡಿದರೆ, ಬರೀ ಛಾಯಾಗ್ರಹಣವನ್ನೇ ಕೆಲಸವಾಗಿ ಉಳಿಸಿಕೊಂಡವರು ಸಿಗುವುದು ಕಷ್ಟ. ಕ್ಯಾಮೆರಾ ಹಿಡಿದವರೇ ಬೈಟ್ (ಕ್ಯಾಮೆರಾ ಮುಂದಿನ ಹೇಳಿಕೆ) ತೆಗೆದುಕೊಳ್ಳುತ್ತಾರೆ, ಸ್ಕ್ರಿಪ್ಟ್ ಬರೆಯುತ್ತಾರೆ, ಎಡಿಟ್ ಮಾಡುತ್ತಾರೆ, ಲೈವ್ ಕೊಡುತ್ತಾರೆ, ಕಾರನ್ನೂ ಅವರೇ ಓಡಿಸುತ್ತಾರೆ. ಇಷ್ಟೆಲ್ಲ ಮಾಡುವವರ ಹುದ್ದೆಯ ಹೆಸರೇನು, ಅವರ ಕೆಲಸದ ವೇಳೆ ಎಲ್ಲಿಂದ ಎಲ್ಲಿಗೆ, ಈ ಬದಲಾವಣೆಯಿಂದ ನೋಡುಗರಿಗೆ ಸಿಗುವ ಸುದ್ದಿ ಏನಾಗುತ್ತದೆ ಎಂಬ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಹುದ್ದೆಯ ಹೆಸರು ಮೊದಲು, ಹೊರೆ ಆಮೇಲೆ

ಟಿವಿ ಸುದ್ದಿಯ ಹಳೆಯ ತಂಡದಲ್ಲಿ ವರದಿಗಾರ, ಕ್ಯಾಮೆರಾಮನ್, ಲೈಟು ಮತ್ತು ಧ್ವನಿ ನೋಡಿಕೊಳ್ಳುವ ಸಹಾಯಕ, ಚಾಲಕ ಎಂದು ಕನಿಷ್ಠ ನಾಲ್ವರು ಇರುತ್ತಿದ್ದರು. ಅದಕ್ಕೆ ಕಾರಣ ಉಪಕರಣಗಳ ತೂಕ. ಭುಜದ ಮೇಲೆ ಹೊರುವ ಬೀಟಾಕ್ಯಾಮ್ ಕ್ಯಾಮೆರಾ, ಟ್ರೈಪಾಡ್, ಬ್ಯಾಟರಿಗಳು, ಟೇಪುಗಳು ಇಷ್ಟನ್ನೂ ಒಬ್ಬರೇ ಹೊತ್ತು ಗುಡ್ಡ ಹತ್ತಲು ಸಾಧ್ಯವಿರಲಿಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ಸಣ್ಣ ಡಿಜಿಟಲ್ ಟೇಪು ಬಂದಾಗ ಸಹಾಯಕ ಮೊದಲು ಮರೆಯಾದ. ಮೆಮೊರಿ ಕಾರ್ಡ್ ಮತ್ತು ಲ್ಯಾಪ್‌ಟಾಪ್ ಬಂದ ಮೇಲೆ ಎಡಿಟಿಂಗ್ ಕೊಠಡಿಯ ಕೆಲಸ ಸ್ಥಳಕ್ಕೇ ಬಂತು. ಹಲವು ಸಿಮ್‌ಗಳ ನೆಟ್‌ವರ್ಕ್ ಒಟ್ಟುಗೂಡಿಸಿ ಲೈವ್ ಕಳಿಸುವ ಬ್ಯಾಕ್‌ಪ್ಯಾಕ್ ಬಂದ ಮೇಲೆ ನೇರ ಪ್ರಸಾರದ ವಾಹನವಾದ ಓಬಿ ವ್ಯಾನ್‌ಗಾಗಿ ಕಾಯುವುದು ತಪ್ಪಿತು. 2016ರ ನಂತರ 4ಜಿ ಅಗ್ಗವಾದಾಗ ಮೊಬೈಲ್ ಫೋನೇ ಕ್ಯಾಮೆರಾ, ಎಡಿಟಿಂಗ್ ಟೇಬಲ್, ಓಬಿ ವ್ಯಾನ್ ಮೂರೂ ಆಯಿತು. ಪ್ರತಿ ಹಂತದಲ್ಲೂ ಒಂದು ಯಂತ್ರ ಹಗುರವಾದಾಗ ಒಬ್ಬ ಮನುಷ್ಯ ಕಡಿಮೆಯಾದ, ಅವನು ಮಾಡುತ್ತಿದ್ದ ಕೆಲಸ ಉಳಿದವರ ಪಾಲಿಗೆ ಬಂತು.

ಇಲ್ಲಿ ಹೆಸರಿನ ಗೊಂದಲವೊಂದಿದೆ. ಅಮೆರಿಕದ ನ್ಯೂಯಾರ್ಕಿನಲ್ಲಿ 1992ರಲ್ಲಿ ಶುರುವಾದ ಎನ್‌ವೈ1 ವಾಹಿನಿ, ವರದಿಗಾರರ ಕೈಗೇ ಸಣ್ಣ ಹೈ-8 ಕ್ಯಾಮೆರಾ ಕೊಟ್ಟು ‘ವಿಡಿಯೋ ಜರ್ನಲಿಸ್ಟ್’ ಎಂದು ಕರೆಯಿತು. ಅಂದರೆ ಅಲ್ಲಿ ಆ ಪದಕ್ಕೆ ಒಬ್ಬರೇ ಎಲ್ಲವನ್ನೂ ಮಾಡುವವರು ಎಂಬುದೇ ಅರ್ಥ. ನಮ್ಮ ವಾಹಿನಿಗಳಲ್ಲಿ ಅದೇ ಪದ ಕ್ಯಾಮೆರಾಮನ್‌ಗೆ ಗೌರವದ ಹೆಸರಾಗಿ ಬಳಕೆಗೆ ಬಂತು. ಚಿತ್ರ ತೆಗೆಯುವುದೂ ಪತ್ರಿಕೋದ್ಯಮವೇ, ಅದು ಕೂಲಿ ಕೆಲಸವಲ್ಲ ಎಂದು ಹೇಳುವ ಉದ್ದೇಶ ಅದರಲ್ಲಿತ್ತು. ಈಗ ಅದೇ ಹೆಸರನ್ನು ಹಿಡಿದುಕೊಂಡು, ‘ನೀವು ಜರ್ನಲಿಸ್ಟ್ ತಾನೆ, ಹಾಗಾದರೆ ಸ್ಕ್ರಿಪ್ಟನ್ನೂ ನೀವೇ ಬರೆಯಿರಿ’ ಎನ್ನುವುದು ಸುಲಭವಾಗಿದೆ. ಗೌರವಕ್ಕೆಂದು ಕೊಟ್ಟ ಬಿರುದು ಹೊರೆ ಹೊರಿಸುವುದಕ್ಕೆ ಆಧಾರವಾದದ್ದು ಈ ಕಥೆಯ ಒಂದು ವಿಪರ್ಯಾಸ.

ಕೊಡಗಿಗೆ ಇದು ಹೊಸತಲ್ಲ, ಆದರೂ ಹೊಸತು

2006ರ ಕೊನೆಯಲ್ಲಿ ಟಿವಿ9, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ ಹೀಗೆ ದಿನವಿಡೀ ಸುದ್ದಿ ಕೊಡುವ ಕನ್ನಡ ವಾಹಿನಿಗಳು ಒಂದರ ಹಿಂದೊಂದು ಬಂದಾಗ, ಪ್ರತಿ ಜಿಲ್ಲೆಯಲ್ಲೂ ಪೂರ್ಣ ತಂಡ ಇಡುವುದು ಯಾರಿಗೂ ಕೈಗೆಟುಕುವ ಮಾತಾಗಿರಲಿಲ್ಲ. 4,102 ಚದರ ಕಿಲೋಮೀಟರ್ ವಿಸ್ತಾರದ, 2011ರ ಜನಗಣತಿಯಂತೆ ಐದೂವರೆ ಲಕ್ಷದಷ್ಟು ಜನಸಂಖ್ಯೆಯ, ರೈಲು ಮಾರ್ಗವೇ ಇಲ್ಲದ ಕೊಡಗು ಯಾವ ವಾಹಿನಿಗೂ ದೊಡ್ಡ ಜಾಹೀರಾತು ಮಾರುಕಟ್ಟೆಯಲ್ಲ. ಹೀಗಾಗಿ ಸುದ್ದಿಯೊಂದಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ದುಡಿಯುವ ಸ್ಟ್ರಿಂಗರ್‌ಗಳೇ ಇಂಥ ಜಿಲ್ಲೆಗಳ ಟಿವಿ ಸುದ್ದಿಯನ್ನು ಹೊತ್ತುಕೊಂಡರು. ಅವರು ಮೊದಲ ದಿನದಿಂದಲೂ ಎಲ್ಲ ಕೆಲಸವನ್ನೂ ಒಬ್ಬರೇ ಮಾಡಿದವರು. ಕುಟ್ಟದಲ್ಲಿ ಹುಲಿ ಕಾಣಿಸಿಕೊಂಡರೂ ಕುಶಾಲನಗರದಲ್ಲಿ ಕಾವೇರಿ ಉಕ್ಕಿದರೂ ಬೈಕಿನಲ್ಲಿ ಹೋಗಿ ಚಿತ್ರ ತೆಗೆದು, ವಾಹಿನಿಯ ಸಂಪಾದಕೀಯ ಡೆಸ್ಕಿಗೆ ಫೋನಿನಲ್ಲಿ ವಿವರ ಹೇಳಿ, ಕೆಲವೊಮ್ಮೆ ತಾವೇ ಫೋನೋ (ಫೋನಿನಲ್ಲೇ ನೇರ ವರದಿ) ಕೊಟ್ಟವರು.

ಹಾಗಾದರೆ ಈಗ ಬದಲಾಗಿರುವುದೇನು? ಜಿಲ್ಲೆಯಲ್ಲಿ ಅನಿವಾರ್ಯವೆಂದು ಒಪ್ಪಿಕೊಂಡ ವ್ಯವಸ್ಥೆ ಈಗ ತಿಂಗಳ ಸಂಬಳದ ಕ್ಯಾಮೆರಾಮನ್‌ಗಳಿಗೂ ನಿಯಮವಾಗುತ್ತಿದೆ. ಬಹಳಷ್ಟು ಹೊಸ ತಂತ್ರಗಳು ರಾಜಧಾನಿಯಲ್ಲಿ ಹುಟ್ಟಿ ಜಿಲ್ಲೆಗೆ ಬರುತ್ತವೆ, ಇದು ಮಾತ್ರ ಜಿಲ್ಲೆಯಲ್ಲಿ ಪ್ರಯೋಗವಾಗಿ ರಾಜಧಾನಿಗೆ ಹೋದದ್ದು. ಸ್ಟ್ರಿಂಗರ್ ಒಬ್ಬರೇ ನಿಭಾಯಿಸುತ್ತಾರೆ ಎಂದು ತೋರಿದ ಮೇಲೆ, ಇಬ್ಬರು ಏಕೆ ಬೇಕು ಎಂದು ಕೇಳುವುದು ಲೆಕ್ಕಪತ್ರ ನೋಡುವವರಿಗೆ ಸಹಜ. ಆದರೆ ಸ್ಟ್ರಿಂಗರ್‌ನ ‘ನಿಭಾಯಿಸುವಿಕೆ’ಯ ಹಿಂದೆ ಬೆಂಗಳೂರಿನ ಡೆಸ್ಕಿನಲ್ಲಿ ಸ್ಕ್ರಿಪ್ಟ್ ಬರೆಯುವವರು, ಧ್ವನಿ ಕೊಡುವವರು, ಎಡಿಟ್ ಮಾಡುವವರು ಇದ್ದರು ಎಂಬುದು ಆ ಲೆಕ್ಕದಲ್ಲಿ ಬಿಟ್ಟುಹೋಗುತ್ತದೆ. ಈಗ ಆ ಡೆಸ್ಕೂ ಸಣ್ಣದಾದರೆ, ಅಲ್ಲಿನ ಕೆಲಸವೂ ಸ್ಥಳದಲ್ಲಿರುವ ಅದೇ ಒಬ್ಬರ ತಲೆಗೆ ಬರುತ್ತದೆ.

ಎಡಿಟಿಂಗ್ ಗುಡ್ಡಕ್ಕೆ ಬಂದದ್ದು ಹೇಗೆ

ಕೆಲಸಗಳು ಒಬ್ಬರ ಮೇಲೆ ಬೀಳಲು ಸಂಬಳ ಉಳಿಸುವ ಆಸೆಯೊಂದೇ ಕಾರಣವಲ್ಲ. ಸೆಕೆಂಡಿಗೆ 50 ಮೆಗಾಬಿಟ್ ಗುಣಮಟ್ಟದಲ್ಲಿ ಚಿತ್ರೀಕರಿಸಿದ ಹತ್ತು ನಿಮಿಷದ ದೃಶ್ಯ ಸುಮಾರು 3.75 ಜಿಬಿ ಆಗುತ್ತದೆ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟು ಹೋಗಿ, ಟವರ್ ಅರೆಜೀವವಾಗಿ, ಅಪ್‌ಲೋಡ್ ವೇಗ 2 ಮೆಗಾಬಿಟ್‌ಗೆ ಇಳಿದರೆ ಅದನ್ನು ಕಳಿಸಲು ನಾಲ್ಕು ಗಂಟೆಗೂ ಹೆಚ್ಚು ಬೇಕು. ಅದೇ ದೃಶ್ಯವನ್ನು ಸ್ಥಳದಲ್ಲೇ ಒಂದೂವರೆ ನಿಮಿಷಕ್ಕೆ ಕತ್ತರಿಸಿ, 5 ಮೆಗಾಬಿಟ್‌ಗೆ ಇಳಿಸಿದರೆ ನಾಲ್ಕು ನಿಮಿಷದೊಳಗೆ ಹೋಗುತ್ತದೆ. ಭಾಗಮಂಡಲದ ಕಡೆಯಿಂದ ಸಂಜೆಯ ಬುಲೆಟಿನ್‌ಗೆ ಸುದ್ದಿ ಮುಟ್ಟಬೇಕೆಂದರೆ ಕ್ಯಾಮೆರಾಮನ್ ಎಡಿಟರ್ ಆಗಲೇಬೇಕು, ಬೇರೆ ದಾರಿಯಿಲ್ಲ. ಆದರೆ ಕತ್ತರಿಸುವುದೆಂದರೆ ಯಾವುದು ಮುಖ್ಯ ಎಂದು ತೀರ್ಮಾನಿಸುವುದೂ ಹೌದು. ಉಳಿದ ಎಂಟೂವರೆ ನಿಮಿಷವನ್ನು ಇನ್ನೊಬ್ಬರು ನೋಡುವುದೇ ಇಲ್ಲ. ಸಂಪಾದಕೀಯ ನಿರ್ಧಾರ ಹೀಗೆ ಯಾರೂ ಆದೇಶ ಹೊರಡಿಸದೆ ಕೈ ಬದಲಾಯಿಸಿದೆ.

ಇದರ ಮೇಲೆ ಯೂಟ್ಯೂಬ್ ಮತ್ತು ರೀಲ್ಸ್ ಬಂದಿವೆ. ಟಿವಿ ಪರದೆ ಅಡ್ಡ, ಮೊಬೈಲ್ ಪರದೆ ಉದ್ದ. ಕುಸಿದ ಗುಡ್ಡವನ್ನು ಅಡ್ಡ ಚೌಕಟ್ಟಿನಲ್ಲಿ ಸರಿಯಾಗಿ ಕೂರಿಸಿದರೆ ಉದ್ದ ಚೌಕಟ್ಟಿನಲ್ಲಿ ಅರ್ಧ ಕತ್ತರಿಸಿಹೋಗುತ್ತದೆ. ಎರಡಕ್ಕೂ ಬೇಕೆಂದರೆ ಎರಡು ಬಾರಿ ತೆಗೆಯಬೇಕು, ಅಥವಾ ಎರಡಕ್ಕೂ ಪೂರ್ತಿ ಹೊಂದದ ರಾಜಿ ಚೌಕಟ್ಟಿನಲ್ಲಿ ತೆಗೆಯಬೇಕು. ನಡೆಯುತ್ತಿರುವ ಘಟನೆ ಎರಡನೆಯ ಬಾರಿಗೆ ಕಾಯುವುದಿಲ್ಲ.

ವಾಹಿನಿಗಳ ವಾದದಲ್ಲಿ ಹುರುಳಿದೆ

ಆಡಳಿತದವರ ಮಾತನ್ನು ಬರೀ ಜಿಪುಣತನ ಎಂದು ತಳ್ಳಿಹಾಕುವಂತಿಲ್ಲ. ಸುದ್ದಿ ವಾಹಿನಿಗಳು ಹೆಚ್ಚಾಗಿ ಜಾಹೀರಾತಿನ ಆದಾಯವನ್ನೇ ನಂಬಿವೆ, ಆ ಜಾಹೀರಾತಿನ ದೊಡ್ಡ ಪಾಲು ಮೊಬೈಲ್ ಕಡೆಗೆ ಹರಿಯುತ್ತಿದೆ. ಇಬ್ಬರನ್ನೇ ಇಡಬೇಕೆಂದರೆ ಕೊಡಗಿನಲ್ಲಿ ಯಾರನ್ನೂ ಇಡುವುದಿಲ್ಲ, ಮೈಸೂರಿನಿಂದಲೋ ಹಾಸನದಿಂದಲೋ ಕಳಿಸುತ್ತೇವೆ ಎಂಬ ಉತ್ತರ ಬಂದರೆ ನಷ್ಟ ಜಿಲ್ಲೆಗೇ. ಜಿಲ್ಲೆಯೊಳಗೇ ಇರುವ ಒಬ್ಬ ವ್ಯಕ್ತಿ, ಗಂಟೆಗಟ್ಟಲೆ ಪ್ರಯಾಣಿಸಿ ಬರುವ ನಾಲ್ವರ ತಂಡಕ್ಕಿಂತ ಎಷ್ಟೋ ಸಲ ಮೇಲು.

ಇನ್ನೊಂದು ಮಾತೂ ಇದೆ. ಸಾವಾದ ಮನೆಗೋ ಕಾಫಿ ತೋಟದ ಲೈನ್ ಮನೆಗೋ ನಾಲ್ವರು ದೊಡ್ಡ ಕ್ಯಾಮೆರಾ, ಲೈಟು ಹಿಡಿದು ನುಗ್ಗಿದಾಗ ಜನ ಮುದುಡಿಕೊಳ್ಳುತ್ತಾರೆ. ಸಣ್ಣ ಕ್ಯಾಮೆರಾದ ಒಬ್ಬರು ಪಕ್ಕದಲ್ಲಿ ಕೂತು ಮಾತಾಡಿಸಿದಾಗ ಮನಸ್ಸು ಬಿಚ್ಚಿ ಹೇಳುತ್ತಾರೆ. ಮಡಿಕೇರಿ ದಸರಾದ ಮಂಟಪ, ಕೈಲ್ ಪೊಳ್ದ್, ಪುತ್ತರಿಯ ಕೋಲಾಟ, ಹಾಕಿ ಉತ್ಸವದ ಪಂದ್ಯ, ಪತ್ರಿಕಾ ಭವನದ ಗೋಷ್ಠಿ ಇವುಗಳನ್ನು ಅನುಭವವಿರುವ ಒಬ್ಬರು ಚೆನ್ನಾಗಿಯೇ ಮಾಡಬಲ್ಲರು. ತಾವೇ ಕಂಡು, ತಾವೇ ತೆಗೆದು, ತಾವೇ ಬರೆದ ವರದಿಯಲ್ಲಿ ಒಂದು ಬಗೆಯ ಒಡೆತನವೂ ಇರುತ್ತದೆ. ಹೊಸ ತಲೆಮಾರಿನ ಕೆಲವರಿಗೆ ಇದೇ ಇಷ್ಟ.

ಒಬ್ಬರಿಗೆ ಮೂರು ಕೆಲಸ ಬರುತ್ತದೆಯೇ ಎಂಬುದು ಈಗ ಚರ್ಚೆಯ ವಿಷಯವೇ ಅಲ್ಲ, ಬರುತ್ತದೆ. ಮೂರೂ ಕೆಲಸ ಒಂದೇ ಕ್ಷಣದಲ್ಲಿ ಬೇಕಾದಾಗ ಏನಾಗುತ್ತದೆ ಎಂಬಲ್ಲಿ ತೊಡಕಿರುವುದು.

ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟವರಿಗೆ ಬೆನ್ನು ಕಾಣದು

ಸಿದ್ದಾಪುರ, ಮಾಲ್ದಾರೆ ಕಡೆಯ ತೋಟಗಳಿಂದ ಕಾಡಾನೆಗಳನ್ನು ಓಡಿಸುವ ಕಾರ್ಯಾಚರಣೆ ಕೊಡಗಿನ ಟಿವಿ ಸುದ್ದಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಪಟಾಕಿಯ ಸದ್ದಿಗೆ ಆನೆ ಯಾವ ಕಡೆ ತಿರುಗುತ್ತದೆ ಎಂದು ಅರಣ್ಯ ಇಲಾಖೆಯ ಸಿಬ್ಬಂದಿಗೂ ಖಚಿತವಿರುವುದಿಲ್ಲ. ಆಗ ಕ್ಯಾಮೆರಾಮನ್‌ನ ಒಂದು ಕಣ್ಣು ವ್ಯೂಫೈಂಡರ್‌ನಲ್ಲಿರುತ್ತದೆ, ಕಿವಿಯಲ್ಲಿ ಹೆಡ್‌ಫೋನ್ ಇರುತ್ತದೆ. ಮೊಬೈಲಿನ ಅಗಲ ಲೆನ್ಸ್ ಮೂಲಕ ನೋಡಿದರೆ ಆನೆ ಇರುವುದಕ್ಕಿಂತ ದೂರದಲ್ಲಿರುವಂತೆ ತೋರುತ್ತದೆ. ಇಬ್ಬರ ತಂಡದಲ್ಲಿ ವರದಿಗಾರನಿಗೆ ಯಾವ ನಿಯಮಪುಸ್ತಕದಲ್ಲೂ ಬರೆಯದ ಒಂದು ಕೆಲಸವಿತ್ತು: ಹಿಂದೆ ನಿಂತು ಸುತ್ತ ನೋಡುವುದು, ಕ್ಯಾಮೆರಾಮನ್ ಹಿಂದಕ್ಕೆ ಹೆಜ್ಜೆ ಇಡುವಾಗ ಸೊಂಟದ ಬೆಲ್ಟು ಹಿಡಿದು ದಾರಿ ತೋರಿಸುವುದು, ಅಪಾಯ ಕಂಡರೆ ಹೆಗಲು ಹಿಡಿದು ಎಳೆಯುವುದು. ಎರಡನೆಯ ವ್ಯಕ್ತಿಯನ್ನು ತೆಗೆದಾಗ ವಾಹಿನಿಯ ಲೆಕ್ಕದಲ್ಲಿ ಒಂದು ಸಂಬಳ ಉಳಿಯಿತು. ಈ ಬರೆಯದ ಕೆಲಸ ಮಾತ್ರ ಯಾರ ಪಾಲಿಗೂ ಹೋಗಲಿಲ್ಲ, ಅದು ಸುಮ್ಮನೆ ನಿಂತುಹೋಯಿತು.

ಭೂಕುಸಿತದ ವರದಿಯಲ್ಲಿ ಇದು ಇನ್ನೂ ಗಂಭೀರ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಭಾಗಗಳಲ್ಲಿ ಗುಡ್ಡಗಳು ಕುಸಿದವು. 2019ರಲ್ಲಿ ತೋರ ಗ್ರಾಮದಲ್ಲಿ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಜನ ಮಣ್ಣಿನಡಿ ಸಿಲುಕಿ ಸತ್ತರು. ಒಮ್ಮೆ ಕುಸಿದ ಜಾಗದಲ್ಲಿ ಮಣ್ಣು ಸಡಿಲವಾಗಿಯೇ ಇರುತ್ತದೆ, ಮತ್ತೆ ಜಾರುವ ಮುನ್ನ ಸಣ್ಣ ಸದ್ದು, ಉರುಳುವ ಕಲ್ಲು, ಕೆಂಪಾಗುವ ತೋಡಿನ ನೀರು ಸುಳಿವು ಕೊಡುತ್ತವೆ. ಆ ಸುಳಿವುಗಳನ್ನು ಗಮನಿಸಲು ಬಿಡುವಾದ ಒಂದು ಜೊತೆ ಕಣ್ಣು ಬೇಕು. ಲೈವ್‌ನಲ್ಲಿರುವವರ ಕಿವಿಗೆ ಸ್ಟುಡಿಯೋದ ನಿರೂಪಕರ ಪ್ರಶ್ನೆ ಬರುತ್ತಿರುತ್ತದೆ, ಕಣ್ಣು ಬ್ಯಾಕ್‌ಪ್ಯಾಕಿನ ಸಿಗ್ನಲ್ ಕಡ್ಡಿಗಳ ಮೇಲಿರುತ್ತದೆ.

2022ರ ಜನವರಿಯಲ್ಲಿ ಅಮೆರಿಕದ ಪಶ್ಚಿಮ ವರ್ಜೀನಿಯಾದಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬಹುದು. ರಾತ್ರಿ ರಸ್ತೆಬದಿಯಲ್ಲಿ ತಾನೇ ಕ್ಯಾಮೆರಾ ಇಟ್ಟುಕೊಂಡು ಒಂಟಿಯಾಗಿ ಲೈವ್ ಕೊಡುತ್ತಿದ್ದ ವರದಿಗಾರ್ತಿಗೆ ಕಾರೊಂದು ಡಿಕ್ಕಿ ಹೊಡೆಯಿತು. ಆಕೆ ಎದ್ದು, ಕ್ಯಾಮೆರಾ ಸರಿಮಾಡಿಕೊಂಡು, ವರದಿ ಮುಂದುವರಿಸಿದಳು. ಆ ದೃಶ್ಯ ನೋಡಿದ ಬಹಳ ಜನ ಆಕೆಯ ಧೈರ್ಯವನ್ನು ಮೆಚ್ಚಿದರು. ವೃತ್ತಿಯೊಳಗಿನವರು, ಆಕೆಯನ್ನು ಅಲ್ಲಿ ಒಬ್ಬಳೇ ನಿಲ್ಲಿಸಿದ್ದು ಏಕೆ ಎಂದು ಕೇಳಿದರು. ಎರಡನೆಯ ಪ್ರಶ್ನೆಯೇ ಸರಿಯಾದದ್ದು.

ಮಾತಾಡಿಸುವ ಕೆಲಸ, ತಡೆಹಿಡಿಯುವ ಕೆಲಸ

ಅಪಾಯವಿಲ್ಲದ ಕಡೆಯೂ ನಷ್ಟವಿದೆ, ಆದರೆ ಅದು ಪರದೆಯ ಮೇಲೆ ಕಾಣುವುದಿಲ್ಲ. ಕೊಡಗಿನಲ್ಲಿ ಒಂದೇ ಘಟನೆಯ ಸಾಕ್ಷಿಗಳು ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಎರವ ನುಡಿಗಳಲ್ಲಿ ಮಾತಾಡಬಹುದು. ಕನ್ನಡದಲ್ಲಿ ಬೈಟ್ ಕೊಡಲು ತಡವರಿಸುವವರನ್ನು ಎದುರಿಗೆ ಕೂತು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿಸಬೇಕು. ಫೋಕಸ್, ಬೆಳಕು, ಮೈಕಿನ ಮಟ್ಟ ಮೂರನ್ನೂ ನೋಡುತ್ತ ಪ್ರಶ್ನೆ ಕೇಳುವವರಿಗೆ ಉತ್ತರದಲ್ಲಿ ಎಲ್ಲೋ ಸೇರಿಕೊಂಡ ಹೊಸ ಸಂಗತಿ ತಪ್ಪಿಹೋಗುತ್ತದೆ, ಅದನ್ನು ಹಿಡಿದು ಕೇಳಬೇಕಾದ ಮುಂದಿನ ಪ್ರಶ್ನೆ ಹುಟ್ಟುವುದೇ ಇಲ್ಲ. ಹೀಗೆ ಬೈಟ್ ಸಿಗುತ್ತದೆ, ಮಾಹಿತಿ ಸಿಗುವುದಿಲ್ಲ.

ತಡೆಹಿಡಿಯುವುದೂ ಸುದ್ದಿಯವರ ಕೆಲಸವೇ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಬಯಲಾಗುವಂತೆ ವರದಿ ಮಾಡುವುದು ಪೋಕ್ಸೊ ಕಾಯ್ದೆಯ 23ನೇ ಕಲಮಿನಡಿ ಅಪರಾಧ. ಅತ್ಯಾಚಾರ ಸಂತ್ರಸ್ತೆಯ ಗುರುತಿನ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮು ಇಂಥದೇ ನಿರ್ಬಂಧ ಹೇಳುತ್ತದೆ. ಮುಖ ಮಸುಕು ಮಾಡಿದರೆ ಸಾಲದು, ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ಮನೆಯ ಅಂಗಳ, ತೋಟದ ಗೇಟು, ಮನೆತನದ ಹೆಸರು ಇವುಗಳಲ್ಲಿ ಒಂದು ಕಂಡರೂ ಊರಿಗೆಲ್ಲ ಗೊತ್ತಾಗುತ್ತದೆ. ಕ್ಯಾಮೆರಾಮನ್ ತೆಗೆದದ್ದನ್ನು ವರದಿಗಾರ ನೋಡಿ, ಡೆಸ್ಕು ಇನ್ನೊಮ್ಮೆ ನೋಡುತ್ತಿದ್ದಾಗ ಇಂಥ ತಪ್ಪು ಹಿಡಿಯಲು ಮೂರು ಅವಕಾಶಗಳಿದ್ದವು. ಸ್ಥಳದಲ್ಲೇ ಎಡಿಟ್ ಆಗಿ ನೇರ ಪ್ರಸಾರಕ್ಕೆ ಹೋದರೆ ಒಂದೇ ಅವಕಾಶ, ಅದೂ ದಣಿದ ಒಬ್ಬರ ಕೈಯಲ್ಲಿ.

ಡ್ರೋನ್ ವಿಷಯದಲ್ಲೂ ಹೀಗೆಯೇ. 2021ರ ಡ್ರೋನ್ ನಿಯಮಗಳಂತೆ 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನನ್ನು ವಾಣಿಜ್ಯ ಕೆಲಸಕ್ಕೆ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ‘ಒಂದು ಏರಿಯಲ್ ಶಾಟ್ ಕಳಿಸಿ’ ಎಂದು ಡೆಸ್ಕಿನಿಂದ ಹೇಳುವುದು ಸುಲಭ. ನಾಗರಹೊಳೆಯ ಅಂಚಿನಲ್ಲಿ ಕೇಸು ಬಿದ್ದರೆ ಅದು ಹಾರಿಸಿದವರ ಮೇಲೆ.

ಬೇರೆ ಕಡೆ ಕಂಡದ್ದು

2013ರ ಮೇ ತಿಂಗಳಲ್ಲಿ ‘ಷಿಕಾಗೊ ಸನ್-ಟೈಮ್ಸ್’ ಪತ್ರಿಕೆ ತನ್ನ 28 ಪೂರ್ಣಾವಧಿ ಛಾಯಾಗ್ರಾಹಕರನ್ನು ಒಂದೇ ದಿನ ಮನೆಗೆ ಕಳಿಸಿ, ವರದಿಗಾರರಿಗೆ ಐಫೋನಿನಲ್ಲಿ ಚಿತ್ರ ತೆಗೆಯುವ ತರಬೇತಿ ಕೊಟ್ಟಿತು. ಮರುವರ್ಷ ನೌಕರರ ಸಂಘದೊಂದಿಗಿನ ಒಪ್ಪಂದದಲ್ಲಿ ನಾಲ್ವರನ್ನು ಮತ್ತೆ ಸೇರಿಸಿಕೊಳ್ಳಬೇಕಾಯಿತು. ಅದು ಪತ್ರಿಕೆಯ ಪ್ರಸಂಗವಾದರೂ ಟಿವಿಗೂ ಪಾಠವಾಗಬಲ್ಲದು: ಕೆಲಸವನ್ನು ವರ್ಗಾಯಿಸಬಹುದು, ವರ್ಷಗಟ್ಟಲೆ ಬೆಳಕು ನೋಡಿದ ಕಣ್ಣನ್ನು ತರಬೇತಿ ಶಿಬಿರದಲ್ಲಿ ವರ್ಗಾಯಿಸಲಾಗದು. ಇದಕ್ಕೂ ಮೊದಲು, ಬಿಬಿಸಿ 2001ರ ಸುಮಾರಿಗೆ ತನ್ನ ಪ್ರಾದೇಶಿಕ ಕೇಂದ್ರಗಳಲ್ಲಿ ವಿಡಿಯೋ ಜರ್ನಲಿಸ್ಟ್ ತರಬೇತಿ ಆರಂಭಿಸಿದಾಗ ಎಲ್ಲ ಸುದ್ದಿಗೂ ಒಬ್ಬರೇ ಎಂದು ಹೊರಡಲಿಲ್ಲ, ತಂಡಗಳೂ ಉಳಿದವು. ಯಾವ ಸುದ್ದಿಗೆ ಒಬ್ಬರು ಸಾಕು, ಯಾವುದಕ್ಕೆ ಸಾಲದು ಎಂಬ ವಿಂಗಡಣೆಯೇ ಇಲ್ಲಿ ನಿರ್ಣಾಯಕ.

ಕಾನೂನಿನಲ್ಲಿ ಎಲ್ಲಿ ನಿಲ್ಲುತ್ತಾರೆ

1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಪತ್ರಿಕೆಗಳಿಗೆ ಮಾತ್ರ ಅನ್ವಯವಾಗುತ್ತಿತ್ತು. ನಾಲ್ಕು ವಾರಗಳಲ್ಲಿ 144 ಗಂಟೆಗಿಂತ ಹೆಚ್ಚು ದುಡಿಸಬಾರದು, ವಾರಕ್ಕೆ 24 ಗಂಟೆಯ ಬಿಡುವು ಕೊಡಬೇಕು ಎಂಬ ಅದರ ರಕ್ಷಣೆ ಪತ್ರಿಕೆಯ ಛಾಯಾಗ್ರಾಹಕನಿಗೆ ಇತ್ತು, ಪಕ್ಕದಲ್ಲೇ ನಿಂತು ಅದೇ ಘಟನೆ ಚಿತ್ರೀಕರಿಸುವ ಟಿವಿ ಕ್ಯಾಮೆರಾಮನ್‌ಗೆ ಇರಲಿಲ್ಲ. ಆ ಕಾಯ್ದೆಯ ಜಾಗಕ್ಕೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ವಿದ್ಯುನ್ಮಾನ ಮತ್ತು ಡಿಜಿಟಲ್ ಮಾಧ್ಯಮವನ್ನೂ ಒಳಗೆ ತಂದಿದೆ. ನೇಮಕ ಪತ್ರ ಕಡ್ಡಾಯ, ಹೆಚ್ಚುವರಿ ವೇಳೆಗೆ ಎರಡರಷ್ಟು ವೇತನ ಎಂದಿದೆ. ಪತ್ರಿಕೆಯವರ ಸಂಬಳ ನಿಗದಿಗೆ ಇದ್ದ ಹಳೆಯ ವ್ಯವಸ್ಥೆಯ ವೇತನ ಮಂಡಳಿ ಇಲ್ಲವಾಯಿತು ಎಂಬ ಪತ್ರಕರ್ತ ಸಂಘಟನೆಗಳ ಆಕ್ಷೇಪ ನ್ಯಾಯವಾದದ್ದು, ಆದರೆ ಟಿವಿಯವರಿಗೆ ಆ ಮಂಡಳಿಯಿಂದ ಎಂದೂ ಏನೂ ಸಿಕ್ಕಿರಲಿಲ್ಲ.

ತೊಡಕು ಎರಡು ಕಡೆ ಇದೆ. ಪೂರ್ಣಾವಧಿಯೋ ಅರೆಕಾಲಿಕವೋ, ‘ನೇಮಕಗೊಂಡವರು’ ಪತ್ರಕರ್ತರು ಎನ್ನುತ್ತದೆ ವ್ಯಾಖ್ಯೆ. ಸುದ್ದಿಯೊಂದಕ್ಕೆ ಇಷ್ಟು ಎಂದು ಹಣ ಪಡೆಯುವ ಸ್ಟ್ರಿಂಗರ್ ನೌಕರನಲ್ಲ, ಸ್ವತಂತ್ರವಾಗಿ ದುಡಿಯುವವನು ಎಂದು ವಾಹಿನಿ ಹೇಳಿದರೆ ಅವನು ಈ ಅರ್ಥದ ಹೊರಗುಳಿಯುವ ಸಾಧ್ಯತೆಯಿದೆ. ಎರಡನೆಯದಾಗಿ, ಮುಖ್ಯವಾಗಿ ಆಡಳಿತದ ಕೆಲಸ ಮಾಡುವವರನ್ನು ವ್ಯಾಖ್ಯೆ ಹೊರಗಿಡುತ್ತದೆ. ಒಬ್ಬರೇ ಇರುವ ಕಚೇರಿಯ ಒಬ್ಬರಿಗೇ ‘ಜಿಲ್ಲಾ ಬ್ಯೂರೋ ಮುಖ್ಯಸ್ಥ’ ಎಂಬ ಬಿರುದು ಕೊಟ್ಟರೆ ಏನಾಗುತ್ತದೆ? ತನ್ನನ್ನು ಬಿಟ್ಟರೆ ಬೇರಾರನ್ನೂ ಮುನ್ನಡೆಸದ ಮುಖ್ಯಸ್ಥ ಆಡಳಿತ ವರ್ಗಕ್ಕೆ ಸೇರುತ್ತಾನೆಂಬ ವಾದ ನಗೆ ತರಿಸುತ್ತದೆ, ಆದರೆ ವಿವಾದವಾದಾಗ ಇಂಥ ವಾದಗಳೇ ವರ್ಷಗಟ್ಟಲೆ ಎಳೆಯುತ್ತವೆ.

ಜಿಲ್ಲೆಗೆ ಇದರಿಂದ ಏನಾಗಬಹುದು

ಒಬ್ಬರೇ ಎಲ್ಲವನ್ನೂ ಮಾಡಬೇಕಾದಾಗ ಅವರು ದಿನಕ್ಕೆ ಹೋಗಬಲ್ಲ ಜಾಗಗಳ ಸಂಖ್ಯೆ ಇಳಿಯುತ್ತದೆ. ಆಗ ರಸ್ತೆಗೆ ಹತ್ತಿರವಿರುವ, ಸಿಗ್ನಲ್ ಸಿಗುವ, ಬೇಗ ಮುಗಿಯುವ ಸುದ್ದಿ ಗೆಲ್ಲುತ್ತದೆ. ಮಡಿಕೇರಿಯ ಗೋಷ್ಠಿಗಳು ಹೆಚ್ಚು ಕಾಣುತ್ತವೆ, ಪೊನ್ನಂಪೇಟೆ ತಾಲ್ಲೂಕಿನ ಆದಿವಾಸಿ ಹಾಡಿಯೊಂದರಲ್ಲಿ ವರ್ಷಗಟ್ಟಲೆ ಬಾಕಿ ಇರುವ ಹಕ್ಕುಪತ್ರದ ಪ್ರಶ್ನೆ ಕಾಣುವುದಿಲ್ಲ. ಹೋಗಲಾಗದ ಕಡೆಯಿಂದ ವಾಟ್ಸ್‌ಆ್ಯಪ್ ದೃಶ್ಯ ತರಿಸಿಕೊಳ್ಳುವುದು ರೂಢಿಯಾಗುತ್ತದೆ. 2018ರಲ್ಲಿ ಮಡಿಕೇರಿಯ ಎರಡಂತಸ್ತಿನ ಮನೆಯೊಂದು ಗುಡ್ಡದಿಂದ ಜಾರಿ ಬೀಳುವ ದೃಶ್ಯ ದೇಶದ ಟಿವಿಗಳಲ್ಲೆಲ್ಲ ಓಡಿತು. ಅಂಥ ಹಳೆಯ ದೃಶ್ಯ ಹೊಸ ಮಳೆಯ ಹೆಸರಿನಲ್ಲಿ ಬಂದಾಗ ಅದು ಯಾವ ವರ್ಷದ್ದು, ಎಲ್ಲಿಯದು ಎಂದು ನಾಲ್ಕು ಫೋನ್ ಮಾಡಿ ಕೇಳಲು ಒಬ್ಬರಿಗೆ ಬಿಡುವು ಬೇಕು. ಆ ಒಬ್ಬರು ಆಗ ಕಾರು ಓಡಿಸುತ್ತಿರುತ್ತಾರೆ.

ಇದರ ಪೆಟ್ಟು ಹೋಂಸ್ಟೇಗೂ ತಟ್ಟುತ್ತದೆ. ಕುಸಿದ ಇಪ್ಪತ್ತು ಅಡಿ ಬರೆಯನ್ನು (ರಸ್ತೆಬದಿಯ ಕಡಿದಾದ ಮಣ್ಣಿನ ದಿಬ್ಬ) ಹತ್ತಿರದಿಂದ ತೆಗೆದರೆ ಇಡೀ ಜಿಲ್ಲೆಯೇ ಕುಸಿದಂತೆ ತೋರುತ್ತದೆ. ರಸ್ತೆಯ ಒಂದು ಬದಿ ತೆರೆದಿದೆ, ಸಂಪಾಜೆ ದಾರಿ ಸರಿಯಿದೆ, ತೊಂದರೆ ಇರುವುದು ಇಂಥ ತಿರುವಿನಲ್ಲಿ ಮಾತ್ರ ಎಂಬ ವಾಕ್ಯವನ್ನು ಸೇರಿಸುವುದು ವರದಿಗಾರನ ಕೆಲಸ. ಆ ವಾಕ್ಯಕ್ಕೆ ಬೇಕಾದ ಮಾಹಿತಿ ಸಂಗ್ರಹಿಸುವವರಿಲ್ಲದಿದ್ದರೆ ಚಿತ್ರ ಒಂದೇ ಮಾತಾಡುತ್ತದೆ, ಬುಕಿಂಗ್‌ಗಳು ರದ್ದಾಗುತ್ತವೆ.

ಹಾಗೆಂದು ಹಳೆಯ ನಾಲ್ವರ ತಂಡ ಮರಳಿ ಬರುವ ಲಕ್ಷಣವಿಲ್ಲ, ಬರಬೇಕೆಂದು ಕೇಳುವುದೂ ವ್ಯಾವಹಾರಿಕವಲ್ಲ. ಆನೆ ಕಾರ್ಯಾಚರಣೆ, ಭೂಕುಸಿತ, ನೆರೆ, ರಾತ್ರಿಯ ಲೈವ್ ಈ ನಾಲ್ಕಕ್ಕಾದರೂ ಒಬ್ಬರನ್ನೇ ಕಳಿಸಬಾರದು ಎಂಬ ಲಿಖಿತ ನಿಯಮ ಸಾಧ್ಯ. ಬೇರೆ ಬೇರೆ ವಾಹಿನಿಗಳ ಇಬ್ಬರು ಜೊತೆಯಾಗಿ ಹೋಗಿ ಒಬ್ಬರ ಬೆನ್ನನ್ನು ಇನ್ನೊಬ್ಬರು ಕಾಯುವುದಕ್ಕೆ ಪೈಪೋಟಿಯ ಹೆಸರಿನಲ್ಲಿ ಅಡ್ಡಿ ಮಾಡದಿದ್ದರೂ ಅರ್ಧ ಕೆಲಸ ಆದಂತೆ. ಉಳಿದರ್ಧ ನೇಮಕ ಪತ್ರದಲ್ಲಿದೆ. ಈಗ ಕಡ್ಡಾಯವಾಗಿರುವ ಆ ಪತ್ರದಲ್ಲಿ ಹುದ್ದೆಯ ಹೆಸರಿಗೂ ಕೆಲಸದ ವಿವರಕ್ಕೂ ಒಂದೊಂದು ಸಾಲು ಇರುತ್ತದೆ. ಆ ಸಾಲಿನಲ್ಲಿ ‘ವಿಡಿಯೋ ಜರ್ನಲಿಸ್ಟ್’ ಎಂದಷ್ಟೇ ಬರೆದು ‘ಸಂಸ್ಥೆ ವಹಿಸುವ ಇತರೆ ಕೆಲಸಗಳು’ ಎಂದು ಸೇರಿಸುತ್ತಾರೋ, ಅಥವಾ ಚಿತ್ರೀಕರಣ, ವರದಿ, ಎಡಿಟಿಂಗ್, ಚಾಲನೆ ಎಂದು ಬಿಡಿಸಿ ಬರೆದು ಪ್ರತಿಯೊಂದಕ್ಕೂ ವೇಳೆ, ವಿಮೆ, ಭತ್ಯೆ ನಮೂದಿಸುತ್ತಾರೋ ಎಂಬುದನ್ನು ಸಹಿ ಹಾಕುವ ಮೊದಲು ನೋಡಬೇಕಾಗಿದೆ.